ನೀರಿನಿಂದ ಬಂಡೆ ಕಾಣುತ್ತದೆಯೇ

ಫುತಾಲೆವುಫು
ಮಾರ್ಚ್ ೨, ೨೦೦೩, ಭಾನುವಾರ

ನನ್ನ ಮುದ್ದು ಯಾಸ್ನಾ,

ಹೇಗಿದ್ದೀಯೆ ಮಗಳೇ? ನಾವಿಬ್ಬರೂ ಇದ್ದೇವೆ, ಈ ವಯಸ್ಸಿನಲ್ಲಿ ಅಷ್ಟು ಹೇಳಿದರೆ ಸಾಕು. ನೀನು ಕ್ರಿಸ್‌ಮಸ್‌ಗೆ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈದುಬಿಡು. ಮೊದಲು ಕುರಿಗಳ ಉಣ್ಣೆ ಕತ್ತರಿಸುವ ಕೆಲಸವಿತ್ತು, ಆಮೇಲೆ ಹುಲ್ಲು ಕೊಯ್ಲು, ಆಮೇಲೆ ನನ್ನ ಮಂಡಿನೋವು. ಇವೆಲ್ಲ ನೆಪ ಎಂದು ನಿನಗೂ ಗೊತ್ತು. ಬರೆಯಲು ಕೂತರೆ ಯಾವುದನ್ನು ಬರೆಯಬಾರದೋ ಅದೇ ಪೆನ್ನಿನ ತುದಿಗೆ ಬರುತ್ತಿತ್ತು. ಕಾಗದ ಮುದುರಿ ಒಲೆಗೆ ಹಾಕಿ, ನಾಳೆ ಬರೆದರಾಯಿತು ಅಂದುಕೊಳ್ಳುತ್ತಿದ್ದೆ.

ನೀನು ಕಳಿಸಿದ ಕಾಲುಚೀಲಗಳು ಬಂದವು. ನಿಮ್ಮಪ್ಪ ಅವನ್ನು ಹಾಕಿಕೊಳ್ಳದೆ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಾನೆ. "ಕಾಲುಚೀಲ ಇರೋದು ಕಾಲಿಗೆ ಮುದುಕಾ" ಎಂದರೆ, "ಚಳಿಗಾಲ ಬರ್ಲಿ" ಎನ್ನುತ್ತಾನೆ. ಮೊನ್ನೆ ಬೆಳಿಗ್ಗೆ ಹಿತ್ತಲಿನ ತೊಟ್ಟಿಯ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಇನ್ನು ಯಾವ ಚಳಿಗಾಲ ಬರಬೇಕೋ. ನಿನ್ನ ಕೈ ಹೇಗಿದೆ? ಕಾರ್ಖಾನೆಯಲ್ಲಿ ಇಡೀ ದಿನ ಐಸಿನ ಪಕ್ಕ ನಿಂತು ಮೀನು ಸೀಳಿದರೆ ಬೆರಳು ಮರಗಟ್ಟುತ್ತದೆ ಎಂದು ಬರೆದಿದ್ದೆ. ಮಲಗುವ ಮುಂಚೆ ಕುರಿಕೊಬ್ಬು ಹಚ್ಚಿ ತಿಕ್ಕಿಕೋ. ವಾಸನೆ ಬರುತ್ತದೆ ಎಂದು ಮೂಗು ಮುರಿಯಬೇಡ, ಮೀನಿನ ವಾಸನೆಗಿಂತ ವಾಸಿ.

ಪಕ್ಕದ ಮನೆ ಎದುವಿನಾಗೆ ಹೊಸ ಹಲ್ಲಿನ ಸೆಟ್ಟು ಬಂದಿದೆ. ಮೊದಲು ಅವಳ ಚಾಡಿ ಅರ್ಧ ಅರ್ಥವಾಗುತ್ತಿರಲಿಲ್ಲ. ಈಗ ಒಂದೊಂದು ಅಕ್ಷರವೂ ಸ್ಪಷ್ಟ. ಈ ವರ್ಷ ಸೇಬು ಚೆನ್ನಾಗಿ ಬಿಟ್ಟಿದೆ. ಬೂದುಬಣ್ಣದ ಕುದುರೆಯನ್ನು ಮಾರಿಬಿಟ್ಟೆವು. ನಿಮ್ಮಣ್ಣ ಒಸಿಯೆಲ್ ಹೋದ ಮೇಲೆ ಅದು ಬೇರೆ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಮಾರಿದ ದಿನ ನಿಮ್ಮಪ್ಪ ಊಟ ಮಾಡಲಿಲ್ಲ.

ಅವನ ವಿಷಯಕ್ಕೇ ಬರುತ್ತೇನೆ. ನಿಮ್ಮಪ್ಪ ಈಗ ಹೆಚ್ಚು ಮಾತಾಡುವುದಿಲ್ಲ. ಆಡುವ ಒಂದು ಮಾತನ್ನೇ ದಿನಾ ಆಡುತ್ತಾನೆ. ನಿನಗೆ ಗೊತ್ತಿಲ್ಲದ್ದೇನಲ್ಲ, ನೀನು ಆ ದಿನ ಅಣ್ಣನ ದೋಣಿಯ ಹಿಂದೆ ನಿನ್ನ ಪುಟ್ಟ ಕಯಾಕಿನಲ್ಲಿ ಅಲ್ಲೇ ಇದ್ದೆ. ಆದರೂ ಈ ಒಂದು ವರ್ಷ ನಾನು ಒಲೆಯ ಪಕ್ಕ ಕೂತು ಏನು ಕೇಳಿಸಿಕೊಂಡಿದ್ದೇನೆ ಎಂದು ನೀನೂ ಕೇಳು. ಅವನು ಹೇಳುವುದು ಹೀಗೆ:

"ರಾತ್ರಿ ಗಾಳಿಗೆ ಆ ದೊಡ್ಡ ಕೊಯ್ಹುಯೆ ಮರ ಬಿದ್ದಿತ್ತು ಕಣೇ. ಹೊಳೆ ಇಕ್ಕಟ್ಟಾಗಿ ನುಗ್ಗೋ ಆ ಗಂಟಲು ದಾಟಿದ ಮೇಲೆ ಎರಡಾಗುತ್ತಲ್ಲ, ಬಲಗಡೆ ಕವಲಿಗೆ, ತಿರುವಿನ ಆಚೆ ಮೇಲಿಂದ ಕಾಣದ ಹಾಗೆ, ಅಡ್ಡಡ್ಡ ಬಿದ್ದಿತ್ತು. ಕಳೆದುಹೋದ ಕಡಸನ್ನ ಹುಡುಕ್ಕೊಂಡು ಹೋದವನು ನೋಡ್ದೆ. ಮಕ್ಕಳು ಬರೋ ಹೊತ್ತಾಗಿತ್ತು. ಓಡಿ ಹೋಗಿ ಎಡದಂಡೆ ಬಂಡೆ ಹತ್ತಿ ನಿಂತೆ. ಒಸಿಯೆಲ್ ದೋಣಿ ಬಂತು. ಕೂಗ್ದೆ. ಆ ನೀರಿನ ಸದ್ದಲ್ಲಿ ಯಾರಿಗೆ ಕೇಳುತ್ತೆ? ಮರ ಇರೋ ಕಡೆ ಕೈ ತೋರಿಸ್ದೆ. ಇಡೀ ತೋಳು ಚಾಚಿ ತೋರಿಸ್ದೆ. ಆದ್ರೂ ಸೀದಾ ಆ ಕಡೆಗೇ ಹೋದ. ನನ್ನ ನೋಡ್ಲಿಲ್ವಾ ಅವನು? ಸುನಿಲ್ದಾ, ನನ್ನ ನೋಡ್ಲೇ ಇಲ್ವಾ?"

ಅವನು ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಹೊಳೆ ಇಳಿಸುವ ರಾಫ್ಟಿನ ಹುಡುಗರನ್ನೆಲ್ಲ ಕೇಳಿದ್ದಾನೆ. ಬೇಕರಿಯಲ್ಲಿ ಕೇಳಿದ್ದಾನೆ, ಪೆಟ್ರೋಲು ಹಾಕಿಸುವಲ್ಲಿ ಕೇಳಿದ್ದಾನೆ, ಚರ್ಚಿನ ಮೆಟ್ಟಿಲ ಮೇಲೆ ಕೇಳಿದ್ದಾನೆ. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡು ನಿಲ್ಲುತ್ತಾರೆ. ಮಾರ್ಸಿಯಾಲ್ ಕೂಡ ಹಾಗೇ ನಿಂತ. ಒಸಿಯೆಲ್‌ಗೆ ಹುಟ್ಟು ಹಿಡಿಯುವುದನ್ನು ಕಲಿಸಿದವನು, ನಮ್ಮ ಮನೆಯಲ್ಲಿ ಉಂಡು ಬೆಳೆದವನು! ನನಗೆ ಕೋಪ ನೆತ್ತಿಗೇರಿ, "ಸತ್ತವನ ಅಪ್ಪನ ಮುಖ ನೋಡೋಕಾಗದ ಹೇಡಿಗಳು ನೀವು" ಎಂದು ಎಲ್ಲರೆದುರು ಅಂದುಬಿಟ್ಟೆ.

ಊರ ಬಾಯಿಗೆ ಮುಚ್ಚಳವಿಲ್ಲ, ನಿನಗೆ ಗೊತ್ತು. ಆ ನೀರಿನಲ್ಲಿ ಯಾರೂ ಬಲಕ್ಕೆ ಹೋಗುವುದಿಲ್ಲವಂತೆ, ಎಲ್ಲರೂ ಎಡಕ್ಕೇ ಹೋಗುತ್ತಾರಂತೆ. ಹಾಗಾದರೆ ಒಸಿಯೆಲ್ ಯಾಕೆ ಬಲಕ್ಕೆ ತಿರುಗಿಸಿದ? ದೋಣಿಯಲ್ಲಿ ಸಾಂತಿಯಾಗೊ ಹುಡುಗಿಯರಿದ್ದರಲ್ಲ, ದಿಮಾಕು ತೋರಿಸಲು ಹೋದ ಅಂದರು. ಹಿಂದಿನ ದಿನದ ಮತ್ತು ಇಳಿದಿರಲಿಲ್ಲ ಅಂದರು. ಅವನು ಒಬ್ಬೊಬ್ಬರನ್ನೇ ಎತ್ತಿ ಆ ಮರದ ಮೇಲೆ ಹತ್ತಿಸಿ, ಕೊನೆಗೆ ತಾನೇ ನೀರಿನ ಸೆಳೆತಕ್ಕೆ ಸಿಕ್ಕಿ ಕೊಂಬೆಗಳ ಅಡಿಗೆ ಹೋಗಿಬಿಟ್ಟ ಎನ್ನುವುದನ್ನು ಮಾತ್ರ ಯಾರೂ ಎರಡನೇ ಸಲ ಹೇಳುವುದಿಲ್ಲ. ಸುಳ್ಳೇಕೆ ಹೇಳಲಿ, ಕೆಲವು ದಿನ ನಾನೂ ಹಾಗೇ ನಂಬಿದ್ದೆ. ಅವನ ದಿಮಾಕು ನನ್ನ ಹೊಟ್ಟೆಯಿಂದಲೇ ಬಂದದ್ದಲ್ಲವೇ.

ಮತ್ತೆ ನೀನು. ಮಣ್ಣು ಮಾಡಿದ ದಿನ ನಿಮ್ಮಪ್ಪನ ಮುಖವನ್ನು ಒಂದು ಸಲವೂ ನೋಡಲಿಲ್ಲ. ಅವನು ತಬ್ಬಿಕೊಳ್ಳಲು ಬಂದರೆ ಕಲ್ಲಾಗಿ ನಿಂತೆ. ಮಾರನೆಯ ದಿನವೇ ಬಸ್ಸು ಹತ್ತಿದೆ. ಅಂದಿನಿಂದ ನನಗೆ ಕಾಗದ, ಅವನಿಗೆ ಕಾಲುಚೀಲ. "ನನ್ನ ಮೇಲೆ ಅವಳಿಗೆ ಸಿಟ್ಟು. ಇನ್ನೊಂಚೂರು ಬೇಗ ಓಡಿದ್ರೆ ಉಳೀತಿದ್ದ ಅಂತ ಅವಳಿಗೆ" ಎನ್ನುತ್ತಾನೆ. ನಾನೂ ಹಾಗೆಯೇ ಅಂದುಕೊಂಡಿದ್ದೆ, ಯಾಸ್ನಾ. ಎಂಥ ಕಲ್ಲೆದೆಯ ಮಗಳನ್ನು ಹೆತ್ತೆನಪ್ಪಾ ಎಂದು ಬೈದುಕೊಂಡಿದ್ದೆ. ಕ್ಷಮಿಸು.

ಒಸಿಯೆಲ್ ಹೋಗಿ ವರ್ಷ ತುಂಬಿದಾಗ ಪಾದ್ರಿ ಬಂದು ಪೂಜೆ ಮಾಡಿಸಿದರು. ನಿಮ್ಮಪ್ಪ ಆ ಬಂಡೆಯ ಮೇಲೆ ಮಗನ ಆತ್ಮಕ್ಕೆಂದು ತಗಡಿನ ಪುಟ್ಟ ಅನಿಮಿತಾ ಗುಡಿ ಕಟ್ಟಿದ್ದಾನಲ್ಲ, ಅದಕ್ಕೆ ಹೊಸದಾಗಿ ನೀಲಿ ಬಣ್ಣ ಹೊಡೆದ. ವಾರ ವಾರ ಹೋಗಿ ಮೇಣದಬತ್ತಿ ಹಚ್ಚುತ್ತಾನೆ. ಪೂಜೆ ಮುಗಿದ ಮೇಲೆ ಮಾರ್ಸಿಯಾಲ್ ಹತ್ತಿರ ಬಂದು, "ಡೋನ್ಯಾ ಸುನಿ, ಮನಸ್ಸಾದ್ರೆ ಒಂದು ದಿನ ನಿಮ್ಮನ್ನ ಹೊಳೆ ಮೇಲೆ ಕರ್ಕೊಂಡು ಹೋಗ್ತೀನಿ. ಅವನು ಹೋಗ್ತಿದ್ದ ದಾರಿ ನೀವೂ ನೋಡಿ" ಎಂದ. ನನಗೇನು ಹುಚ್ಚೇ ಎಂದು ಹೇಳಿ ಕಳಿಸಿದೆ. ಹೊಳೆಯ ಪಕ್ಕದಲ್ಲೇ ಹುಟ್ಟಿ ಬೆಳೆದು ಮುದುಕಿಯಾದೆ, ಮೊಣಕಾಲಿಗಿಂತ ಮೇಲೆ ಆ ನೀರನ್ನು ತಾಗಿಸಿಕೊಂಡವಳಲ್ಲ.

ಆದರೆ ಆ ಮಾತು ನಿಮ್ಮಪ್ಪನ ತಲೆಯಲ್ಲಿ ಕೂತುಬಿಟ್ಟಿತು. ಒಂದು ಸಂಜೆ ಮಟೆ ಕುಡಿಯುತ್ತ ಕೂತಿದ್ದಾಗ ಹೇಳಿದ:

"ಏ ಮುದುಕಿ, ನೀನು ಹೋಗು."

"ಎಲ್ಲಿಗೆ?"

"ದೋಣೀಲಿ. ನಾನು ಬಂಡೆ ಮೇಲೆ ನಿಂತಿರ್ತೀನಿ, ಆವತ್ತು ನಿಂತಿದ್ದ ಜಾಗದಲ್ಲೇ. ನೀನು ನೀರಿಂದ ನೋಡು. ನಾನು ಕಂಡ್ರೆ ಅವನಿಗೂ ಕಂಡಿರ್ತೀನಿ. ಕಾಣ್ಲಿಲ್ಲ ಅಂದ್ರೆ ಅವನಿಗೂ ಕಂಡಿಲ್ಲ. ಇನ್ನು ಯಾರನ್ನೂ ಕೇಳಲ್ಲ, ಆಣೆ."

"ನೀನೇ ಹೋಗಿ ನೋಡ್ಕೊ."

"ಬಂಡೆ ಮೇಲೆ ನಾನೇ ನಿಲ್ಬೇಕು, ದೋಣೀಲೂ ನಾನೇ ಕೂರ್ಬೇಕಾ?" ಎಂದ. ಒಂದು ವರ್ಷದ ಮೇಲೆ ಅವನ ಬಾಯಲ್ಲಿ ಬಂದ ಮೊದಲ ತಮಾಷೆ ಅದು. ಒಪ್ಪಿಕೊಂಡೆ.

ಕಳೆದ ಬುಧವಾರ ಹೋದೆ. ದಾರಿಯಲ್ಲಿ ಚುಕಾವೊ ಹಕ್ಕಿ ಬಲಗಡೆ ಕೂಗಿತು. "ಬಲಗಡೆ ಕೂಗ್ತು, ಒಳ್ಳೇದಾಗುತ್ತೆ" ಎಂದು ಹೇಳಿ ನಿಮ್ಮಪ್ಪ ಕುದುರೆ ತಿರುಗಿಸಿಕೊಂಡು ಬಂಡೆಯ ಕಡೆ ಹೊರಟ. ಆ ಹಕ್ಕಿಗೆ ಏನು ಗೊತ್ತು, ಮುಂಡೇದಕ್ಕೆ.

ದೋಣಿ ಬಿಡುವ ಜಾಗದಲ್ಲಿ ನನಗೆ ಆ ರಬ್ಬರಿನ ಉಡುಪು ತೊಡಿಸಿದರು. ಮಾರ್ಸಿಯಾಲನ ಹೆಂಡತಿ ಮತ್ತು ಸಾಂತಿಯಾಗೊದಿಂದ ಬಂದಿದ್ದ ಒಬ್ಬ ಹುಡುಗಿ, ಇಬ್ಬರೂ ಸೇರಿ ಎಳೆದೆಳೆದು ಹಾಕಿದರು. ಹಂದಿಯ ಕರುಳಿಗೆ ಮಾಂಸ ತುಂಬುವಾಗ ನಾನು ಎಷ್ಟು ಬೈಯುತ್ತೇನೋ ಅಷ್ಟೇ ಅವರೂ ಒಳಗೊಳಗೆ ಬೈದಿರಬೇಕು. ಮೇಲೆ ಲೈಫ್ ಜಾಕೆಟ್ಟು, ತಲೆಗೆ ಹೆಲ್ಮೆಟ್ಟು. ಆ ಹುಡುಗಿಯ ಗಂಡ ನನ್ನನ್ನು ನೋಡಿ, "ಅಜ್ಜಿ, ಭಯ ಆಗಲ್ವಾ?" ಎಂದ. "ಭಯ ನನಗ್ಯಾಕಪ್ಪಾ, ದೋಣಿಗೆ ಆಗ್ಬೇಕು" ಎಂದೆ. ಎಲ್ಲರೂ ನಕ್ಕರು. ಮಾರ್ಸಿಯಾಲ್ ಮಾತ್ರ ನಗಲಿಲ್ಲ. ನಾನು ಹೇಡಿ ಅಂದದ್ದಕ್ಕೆ ಇನ್ನೂ ಬೇಜಾರಿರಬಹುದು ಅಂದುಕೊಂಡೆ.

ಹೊರಡುವ ಮುಂಚೆ ಎಲ್ಲರನ್ನೂ ಮರಳಿನ ಮೇಲೆ ಸುತ್ತ ನಿಲ್ಲಿಸಿ ಹೇಗಿರಬೇಕು ಎಂದು ಹೇಳಿಕೊಡುತ್ತಾರಲ್ಲ, ಮಾರ್ಸಿಯಾಲ್ ಅದನ್ನು ಶುರುಮಾಡಿದ. ನೀರಿಗೆ ಬಿದ್ದರೆ ಕಾಲು ಮುಂದೆ ಮಾಡಿ ಅಂಗಾತ ತೇಲಿ ಎಂದ. ಹಗ್ಗ ಎಸೆದರೆ ಎದೆಗೆ ಅವಚಿಕೊಳ್ಳಿ ಎಂದ. ಕ್ಷೇಮವಾಗಿದ್ದೀನಿ ಎನ್ನಲು ತಲೆಯ ಮೇಲೆ ಕೈಯಿಡಿ ಎಂದ. ಅಲ್ಲಿಗೆ ಬಂದು ನಿಲ್ಲಿಸಿ ನನ್ನ ಮುಖ ನೋಡಿದ. ಆಮೇಲೆ ನೆಲ ನೋಡಿಕೊಂಡು ಸಣ್ಣ ದನಿಯಲ್ಲಿ ಹೇಳಿದ:

"ನೀರಿನ ಮೇಲೆ ಕಿವಿ ಕೇಳಲ್ಲ. ಅದಕ್ಕೆ ಕೈಯಲ್ಲೇ ಮಾತು. ಒಂದು ನೆನಪಿಟ್ಕೊಳ್ಳಿ, ನಾವು ಅಪಾಯದ ಕಡೆಗೆ ಯಾವತ್ತೂ ಕೈ ತೋರಿಸಲ್ಲ. ಎಲ್ಲಿಗೆ ಹೋಗ್ಬೇಕೋ ಅಲ್ಲಿಗೇ ತೋರಿಸ್ತೀವಿ. ದಡದಲ್ಲಿ ನಿಂತವನ ಕೈ ಎತ್ತ ಕಡೆಗೋ ದೋಣಿ ಅತ್ತ ಕಡೆಗೆ. ಯೋಚನೆ ಮಾಡೋಕೆ ಅಲ್ಲಿ ಹೊತ್ತಿರಲ್ಲ."

"ನಾನು ಕಲ್ಲು ನೋಡ್ದೆ ಅನ್ಕೊಳ್ಳಿ, ಅದನ್ನ ತೋರಿಸ್ಬಾರ್ದಾ?" ಎಂದು ಆ ಹುಡುಗಿ ಕೇಳಿದಳು.

"ಕಲ್ಲನ್ನ ತೋರಿಸಿದ್ರೆ ಕಲ್ಲಿಗೇ ಹೋಗಿ ಹೊಡೀತೀವಿ ಅಮ್ಮಾ. ಕಲ್ಲಿಲ್ಲದ ಕಡೆ ತೋರಿಸಿ."

ಯಾಸ್ನಾ, ನಾನು ದೋಣಿಯ ಅಂಚಿನ ಮೇಲೆ ಕೂತುಬಿಟ್ಟೆ.

ನಿಮ್ಮಪ್ಪ ದನ ದಾಟಿಸುವವನು. ಅವನಪ್ಪನೂ ಅದೇ, ನನ್ನಪ್ಪನೂ ಅದೇ. ಹೊಳೆ ದಾಟುವಾಗ ಮೊದಲು ದಾಟಿದವನು ಆಚೆ ದಡದಲ್ಲಿ ನಿಂತು ಹಿಂದಿನವರಿಗೆ ಕೈ ತೋರಿಸುತ್ತಾನೆ: ಅಲ್ಲಿ ಗುಂಡಿ, ಅಲ್ಲಿ ಕೆಸರು, ಅಲ್ಲಿ ಮರ ಸಿಕ್ಕಿಕೊಂಡಿದೆ. ಕೈ ತೋರಿಸಿದ ಕಡೆಗೆ ಹೋಗಬಾರದು, ಅದು ನಮ್ಮ ಲೆಕ್ಕ. ಮದುವೆಯಾದ ಹೊಸದರಲ್ಲಿ ಹೊಳೆಯ ನಡುವೆ ಕುದುರೆಯ ಮೇಲೆ ಕೂತು ಅಳುತ್ತಿದ್ದ ನನ್ನನ್ನು ಅವನು ಹಾಗೆಯೇ ಕೈ ತೋರಿಸಿ ದಾಟಿಸಿದ್ದ. ಅದನ್ನು ಬಿಟ್ಟು ಬೇರೆ ರೀತಿ ಕೈ ತೋರಿಸುವುದು ಅವನಿಗೆ ಗೊತ್ತೇ ಇಲ್ಲ. ನೀವಿಬ್ಬರೂ ಕಲಿತದ್ದು ಇನ್ನೊಂದು ಪಾಠ. ಆ ಹುಡುಗರ ಜೊತೆ ಬೆಳೆದಿರಿ, ಅವರ ಕೈಮಾತು ನಿಮ್ಮ ಮೈಗೆ ಹತ್ತಿತು. ಒಂದೇ ಮನೆಯಲ್ಲಿ ಉಂಡು ಮಲಗುತ್ತಿದ್ದ ಅಪ್ಪ ಮಕ್ಕಳಿಗೆ ಇದನ್ನು ಒಮ್ಮೆ ಮಾತಾಡಿಕೊಳ್ಳಬೇಕು ಎಂದು ತೋಚಲಿಲ್ಲ. ಯಾರಿಗೆ ತಾನೇ ತೋಚೀತು?

ದೋಣಿ ತಂದಿದ್ದ ಲಾರಿಯ ಹಿಂದೆ ಹೋಗಿ ಮಾರ್ಸಿಯಾಲನನ್ನು ಕರೆದೆ.

"ಒಸಿಯೆಲ್ ಅವನಪ್ಪನ್ನ ನೋಡಿದ್ನಾ?"

"ನೋಡಿದ, ಡೋನ್ಯಾ ಸುನಿ. ಎಡಕ್ಕೇ ಹೊರಟಿದ್ದ. ಕೈ ನೋಡಿದ ತಕ್ಷಣ ಬಲಕ್ಕೆ ತಿರುಗಿಸ್ದ. ಎಡಗಡೆ ಏನೋ ಆಗಿದೆ, ಅಪ್ಪ ಹೇಳೋಕೆ ಬಂದಿದ್ದಾರೆ ಅಂತ ಅನ್ಕೊಂಡಿರ್ತಾನೆ. ನಾನಾಗಿದ್ರೂ ತಿರುಗಿಸ್ತಿದ್ದೆ."

"ಇದು ಯಾರ್ಯಾರಿಗೆ ಗೊತ್ತು?"

"ನಮಗೆಲ್ಲಾ ಗೊತ್ತು. ಯಾಸ್ನಾ ಹಿಂದೆ ಕಯಾಕಲ್ಲಿ ಇದ್ಲಲ್ಲ, ಕಣ್ಣಾರೆ ನೋಡಿದ್ಲು. ಅವತ್ತೇ ನಮ್ಮನ್ನೆಲ್ಲ ಸೇರಿಸಿ ಒಸಿಯೆಲ್ ಹೆಣದ ಮುಂದೆ ಆಣೆ ಹಾಕಿಸಿದ್ಲು. ಅಪ್ಪನ ಕಿವಿಗೆ ಇದು ಬೀಳಬಾರದು, ಊರವರು ಏನಾದ್ರೂ ಅಂದ್ಕೊಳ್ಳಲಿ ಅಂತ."

"ನಾನು ನಿನ್ನ ಹೇಡಿ ಅಂದ್ನಲ್ಲೋ ಮಗಾ."

"ಅಂದ್ರಿ. ಅಮ್ಮನೋರು ಅಂದ್ರು ಬಿಡು ಅಂತ ಬಿಟ್ಬಿಟ್ಟೆ" ಎಂದು ಮೂಗು ಒರೆಸಿಕೊಂಡ.

ಮಗಳೇ, ನೀನು ಕಲ್ಲಾಗಿ ನಿಂತದ್ದು ಯಾಕೆ ಎಂದು ನನಗೆ ಆಗ ತಿಳಿಯಿತು. ಅಪ್ಪನ ಮುಖ ನೋಡಿದ್ದರೆ ನಿನ್ನ ಮುಖವೇ ಎಲ್ಲವನ್ನೂ ಹೇಳಿಬಿಡುತ್ತಿತ್ತು. ಅದಕ್ಕೆ ಓಡಿಹೋದೆ. ಒಂದು ವರ್ಷ ಒಬ್ಬಳೇ ಇದನ್ನು ನುಂಗಿಕೊಂಡು, ಅಪರಿಚಿತರ ನಡುವೆ, ಐಸಿನ ಪಕ್ಕ ನಿಂತು ಮೀನು ಸೀಳಿದೆ. ಇಲ್ಲಿ ಕೂತು ನಿನ್ನನ್ನು ಕಲ್ಲೆದೆಯವಳು ಅಂದವಳು ನಾನು.

ವಾಪಸು ಮನೆಗೆ ಹೋಗಿಬಿಡುತ್ತೇನೆ ಎಂದರೆ ಮಾರ್ಸಿಯಾಲ್ ಲಾರಿ ಹತ್ತಿಸುತ್ತಿದ್ದ. ಆದರೆ ಬಂಡೆಯ ಮೇಲೆ ನಿಮ್ಮಪ್ಪ ಕಾಯುತ್ತಿದ್ದ. ದೋಣಿಯಲ್ಲಿ ನಾನಿಲ್ಲದಿದ್ದರೆ ಏನಾಯಿತೋ ಎಂದು ಹೆದರುತ್ತಾನೆ. ಹೋಗಿ ಕೂತೆ.

ಈಗ ಇನ್ನೊಂದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀರು ಅಷ್ಟು ಚೆನ್ನಾಗಿತ್ತು. ದಡದಿಂದ ನೋಡುವ ಹೊಳೆಯೇ ಬೇರೆ, ಅದರ ಮೇಲೆ ಕೂತಾಗಿನ ಹೊಳೆಯೇ ಬೇರೆ. ಕಮರಿಯೊಳಗೆ ಹೋದಂತೆ ಎರಡೂ ಕಡೆ ಗೋಡೆ ಎದ್ದು ಆಕಾಶ ಒಂದು ಪಟ್ಟಿಯಷ್ಟಾಯಿತು. ನೀರಿನ ನೀಲಿ ನೋಡಿದರೆ ಯಾರೋ ಬಣ್ಣ ಕಲಸಿ ಸುರಿದಂತಿತ್ತು. ಮೇಲೆ ಕೊಂಡೊರ್ ಹದ್ದೊಂದು ರೆಕ್ಕೆ ಆಡಿಸದೆ ಸುತ್ತುತ್ತಿತ್ತು. ಮಾರ್ಸಿಯಾಲ್ ಹಿಂದಿನಿಂದ "ಮುಂದೆ! ಮುಂದೆ! ಬಿಡ್ಬೇಡಿ!" ಎಂದು ಕೂಗುತ್ತಿದ್ದ. ನಾನು ಹುಟ್ಟನ್ನು ಗಂಜಿ ತಿರುವುವ ಸೌಟಿನಂತೆ ಆಡಿಸುತ್ತಿದ್ದೆ. ಮೊದಲ ದೊಡ್ಡ ಇಳಿತದಲ್ಲಿ ದೋಣಿ ಮೂತಿ ಕೆಳಗೆ ಮಾಡಿ ಧುಮುಕಿತು. ಎದುರಿನ ಅಲೆ ಗೋಡೆಯಂತೆ ಎದ್ದು ತಲೆಯ ಮೇಲೆ ಬಿತ್ತು. ಉಸಿರು ಸಿಕ್ಕಿಕೊಂಡಿತು. ಇನ್ನೇನು ಸತ್ತೆ ಅನ್ನುವಷ್ಟರಲ್ಲಿ ಆಚೆ ಕಡೆ ಬಿಸಿಲಿಗೆ ಬಂದಿದ್ದೆವು.

ಯಾಸ್ನಾ, ನಾನು ನಕ್ಕೆ. ಬಾಯಿ ತುಂಬ ನೀರು, ಮೂಗಿನ ತುಂಬ ನೀರು, ಹಲ್ಲು ಕಟಕಟ ಅನ್ನುತ್ತಿತ್ತು, ಜೋರಾಗಿ ನಗುತ್ತಿದ್ದೆ. ಮಗನ ಪ್ರಾಣ ತೆಗೆದ ಹೊಳೆ, ಆ ಹೊಳೆಯ ಮೇಲೆ ಕೂತು ಹೆತ್ತವಳು ನಗುತ್ತಾಳಲ್ಲ ಎಂದು ಮರುಕ್ಷಣವೇ ನಾಚಿಕೆಯಾಯಿತು. ಅವನು ಸಂಜೆ ಮನೆಗೆ ಬಂದು ಒದ್ದೆ ಬಟ್ಟೆಯಲ್ಲೇ ನನ್ನನ್ನು ಎತ್ತಿ ತಿರುಗಿಸುತ್ತಿದ್ದಾಗ, "ಯಾವ ಭೂತ ಹಿಡಿದಿದೆಯೋ ನಿನಗೆ, ನೆಲದ ಮೇಲಿನ ಕೆಲಸ ನೋಡ್ಕೋಬಾರ್ದಾ?" ಎಂದು ಬೈಯುತ್ತಿದ್ದೆ. ಯಾವ ಭೂತ ಎಂದು ಈಗ ಗೊತ್ತಾಯಿತು. ಗೊತ್ತಾಗಿ ಏನು ಬಂತು, ಹೇಳಲು ಅವನಿಲ್ಲ.

ಆಮೇಲೆ ಗಂಟಲು ಬಂತು. ದಾಟಿದೆವು. ಅದರ ವಿಷಯ ಇಷ್ಟು ಸಾಕು.

ಮನೆ ಸೇರುವ ಹೊತ್ತಿಗೆ ನಿಮ್ಮಪ್ಪ ನನಗಿಂತ ಮೊದಲೇ ಬಂದು ಒಲೆ ಹಚ್ಚಿದ್ದ. ತಾನೇ ರೊಟ್ಟಿ ಕರಿದಿಟ್ಟಿದ್ದ, ಅರ್ಧ ಸುಟ್ಟಿದ್ದವು. ನನ್ನ ಕೂದಲು ಒರೆಸಿಕೊಳ್ಳಲು ಬಟ್ಟೆ ಕೊಟ್ಟು, ಮಟೆ ಹಾಕಿಕೊಟ್ಟು, ಎದುರಿಗೆ ಕೂತ. ಪರೀಕ್ಷೆ ಬರೆದು ಬಂದ ಹುಡುಗನ ಮುಖ ಅವನದು.

"ನಾನು ಕಂಡ್ನಾ?"

ಕಂಡೆ ಎಂದಿದ್ದರೆ ಸಾಕಿತ್ತು, ಆ ಮುಖ ಅರಳುತ್ತಿತ್ತು. ಮಗ ಕೊನೆಗೆ ತನ್ನನ್ನು ನೋಡಿಯೇ ಹೋದ ಎನ್ನುವ ಒಂದು ಸಮಾಧಾನ, ವರ್ಷದಿಂದ ಅವನು ಬೇಡುತ್ತಿದ್ದದ್ದು ಅಷ್ಟೇ. ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತಿತ್ತು. ನೋಡಿದವನು ಯಾಕೆ ಆ ಕಡೆಗೇ ಹೋದ? ಇವತ್ತಲ್ಲ ನಾಳೆ ಕೇಳುತ್ತಾನೆ. ಹುಡುಗರು ಎಷ್ಟು ದಿನ ಚಪ್ಪಲಿ ನೋಡಿಕೊಂಡು ನಿಲ್ಲುತ್ತಾರೆ? ಒಂದು ದಿನ ಅವನೇ ಆ ಮರಳಿನ ಮೇಲೆ ನಿಂತು ಮಾರ್ಸಿಯಾಲನ ಪಾಠ ಕೇಳಿಸಿಕೊಳ್ಳುತ್ತಾನೆ. ಆವತ್ತು ಅವನು ಕಡಸು ಹುಡುಕಲು ಹೋಗದೆ ಒಲೆಯ ಮುಂದೆ ಕೂತಿದ್ದರೆ, ಒಸಿಯೆಲ್ ತನ್ನ ಪಾಡಿಗೆ ಎಡಕ್ಕೆ ಹೋಗಿ ಊಟಕ್ಕೆ ಮನೆಗೆ ಬರುತ್ತಿದ್ದ. ಇದು ಅವನಿಗೆ ತಿಳಿದ ದಿನ ನಾನು ಎರಡನೇ ಸಲ ಮಣ್ಣು ಹಾಕಬೇಕಾಗುತ್ತದೆ.

"ಇಲ್ಲ ಮುದುಕಾ. ಕಾಣ್ಲಿಲ್ಲ. ಅಲ್ಲಿ ನೀರು ಮುಖಕ್ಕೆ ಹೊಡೆಯುತ್ತೆ, ಕಣ್ಣು ಬಿಡೋಕಾಗಲ್ಲ" ಎಂದೆ.

"ಒಂಚೂರೂ?"

"ಒಂಚೂರೂ ಇಲ್ಲ."

ಅವನು ಸುಮ್ಮನೆ ತಲೆಯಾಡಿಸಿದ. "ಹಾಗಾದ್ರೆ ಅಪ್ಪ ಅಲ್ಲಿದ್ದಾನೆ ಅಂತಾನೂ ಗೊತ್ತಾಗ್ದೆ ಹೋದ್ನಲ್ಲ ಮಗ. ಒಬ್ಬನೇ ಹೋದ್ನಲ್ಲ" ಎಂದ. ಎದ್ದು ಹೋಗಿ ಸೌದೆ ಸೀಳತೊಡಗಿದ. ಸೀಳಬೇಕಾದ ಸೌದೆ ಇರಲಿಲ್ಲ, ಸೀಳಿದ್ದನ್ನೇ ಮತ್ತೆ ಸೀಳಿದ. ನಾನು ಸುಟ್ಟ ರೊಟ್ಟಿಗಳನ್ನೆಲ್ಲ ತಿಂದೆ. ಬೇರೇನು ಮಾಡಲಿ?

ಅಂದಿನಿಂದ ಮಾತು ಕೊಟ್ಟಂತೆ ಯಾರನ್ನೂ ಕೇಳುತ್ತಿಲ್ಲ. ಆದರೆ ಇನ್ನೊಬ್ಬಳು ಉಳಿದಿದ್ದಾಳೆ ಎಂದು ಅವನಿಗೆ ಗೊತ್ತು. ನಿನ್ನೆ ಕಾಲುಚೀಲ ಕೈಯಲ್ಲಿ ಹಿಡಿದುಕೊಂಡು, "ಅವಳು ಹತ್ತಿರದಲ್ಲೇ ಇದ್ಲು, ಅವಳು ಬಂದ್ರೆ ಹೇಳ್ತಾಳೆ" ಎಂದ. ಈಸ್ಟರ್‌ಗೆ ಬಾ ಮಗಳೇ. ಕಾರ್ಖಾನೆಯವರು ರಜೆ ಕೊಡದಿದ್ದರೆ ಜಗಳವಾಡಿ ಬಾ. ಅವನು ಕೇಳುತ್ತಾನೆ. ನೀನು ಅವನ ಕಣ್ಣಲ್ಲಿ ಕಣ್ಣಿಟ್ಟು, "ಇಲ್ಲ ಅಪ್ಪಾ, ಅಣ್ಣ ನಿನ್ನ ನೋಡ್ಲಿಲ್ಲ" ಎನ್ನಬೇಕು. ನನ್ನಿಂದ ಸಾಧ್ಯವಾಗಿದೆ, ನಿನ್ನಿಂದಲೂ ಸಾಧ್ಯವಾಗುತ್ತದೆ. ಆಮೇಲೆ ಬೇಕಾದರೆ ಹಿತ್ತಲಿಗೆ ಹೋಗಿ ಇಬ್ಬರೂ ಅಳೋಣ.

ಒಸಿಯೆಲ್‌ನ ಹೆಸರು ಹಾಗೇ ಕೆಟ್ಟು ಉಳಿಯುತ್ತದೆ, ಅದು ನನಗೆ ಗೊತ್ತು. ಎದುವಿನಾ ಹೊಸ ಹಲ್ಲಿನಲ್ಲಿ "ದಿಮಾಕಿನ ಹುಡುಗ" ಅಂದಾಗ ಬಾಯಿಗೆ ಹೊಡೆಯಬೇಕೆನಿಸುತ್ತದೆ. ನೆಲದ ಮೇಲೆ ಅಪ್ಪನ ಒಂದು ಮಾತನ್ನೂ ಕೇಳದವನು, ನೀರಿನ ಮೇಲೆ ಕೇಳಿದ. ಕೂಗಿ ಹೇಳಬೇಕೆನಿಸುತ್ತದೆ. ಹೇಳುವುದಿಲ್ಲ. ಹೆಸರು ಕೆಟ್ಟರೆ ಸತ್ತವನು ತಡೆದುಕೊಳ್ಳುತ್ತಾನೆ, ಇದನ್ನು ಬದುಕಿರುವವನು ತಡೆದುಕೊಳ್ಳಲಾರ. ಅವನಮ್ಮ ನಾನು. ನನ್ನನ್ನು ಅವನು ಕ್ಷಮಿಸುತ್ತಾನೆ.

ಆ ದಿನ ಕಯಾಕಿನಿಂದ ನೀನು ಕೂಗಿದ್ದರೂ ಅಣ್ಣನಿಗೆ ಕೇಳುತ್ತಿರಲಿಲ್ಲ. ಇದನ್ನು ದಿನಾ ಹೇಳಿಕೊ.

ಕನ್ಯಾಮಾತೆ ನಿನ್ನನ್ನು ಕಾಪಾಡಲಿ. ನಿನ್ನ ಕೈಬೆರಳು ಬೆಚ್ಚಗಿರಲಿ, ರಾತ್ರಿ ನಿದ್ದೆ ಬರಲಿ. ಹಡಗಿನ ಮೇಲೆ ಬರುವಾಗ ಒಳಗೇ ಕೂತುಕೋ, ಗಾಳಿಗೆ ನಿಲ್ಲಬೇಡ. ನಿನ್ನ ಕೋಣೆಯನ್ನು ಗುಡಿಸಿಟ್ಟಿದ್ದೇನೆ.

ನಿನ್ನನ್ನು ಅಪ್ಪಿಕೊಳ್ಳಲು ಕಾದಿರುವ
ಅಮ್ಮ, ಸುನಿಲ್ದಾ

ಮರೆತ ಮಾತು: ಬೆಳಿಗ್ಗೆ ಬಸ್ಸಿಗೆ ಕೊಡಲು ಕಾಗದ ಕೈಯಲ್ಲಿ ಹಿಡಿದಿದ್ದೆ. ಗಂಟಲಿನ ವಿಷಯ ನಿನಗೆ ಪೂರ್ತಿ ಹೇಳದೆ ಕಳಿಸಲು ಮನಸ್ಸಾಗಲಿಲ್ಲ. ಬಿಚ್ಚಿ ಬರೆಯುತ್ತಿದ್ದೇನೆ, ಇದನ್ನು ನಿನ್ನ ಹೊಟ್ಟೆಯಲ್ಲಿಟ್ಟುಕೋ.

ಅಲ್ಲಿ ನೀರು ಮುಖಕ್ಕೆ ಹೊಡೆಯುವುದಿಲ್ಲ. ಗಂಟಲು ಮುಗಿದ ಮೇಲೆ ಹೊಳೆ ಸ್ವಲ್ಪ ದೂರ ಅಗಲವಾಗಿ ತಣ್ಣಗೆ ಹರಿಯುತ್ತದೆ, ನಿನಗೆ ಗೊತ್ತಿರುವುದೇ. ಬಂಡೆ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ನಿಮ್ಮಪ್ಪ ನಮ್ಮ ಮದುವೆಯ ಕರಿಕೋಟು ಹಾಕಿಕೊಂಡು ನಿಂತಿದ್ದ. ಮನೆಯಿಂದ ಹೊರಟಾಗ ಅದು ಮೈಮೇಲೆ ಇರಲಿಲ್ಲ, ಚೀಲದಲ್ಲಿ ಬಚ್ಚಿಟ್ಟು ಒಯ್ದಿದ್ದಾನೆ. ದೂರದಿಂದ ಚೆನ್ನಾಗಿ ಕಾಣಲಿ ಎಂದು. ನಮ್ಮ ದೋಣಿ ಕಂಡೊಡನೆ, ಆವತ್ತು ಮಾಡಿದಂತೆಯೇ ಮಾಡಿ ತೋರಿಸಬೇಕೆಂದು, ಇಡೀ ತೋಳು ಚಾಚಿ ಬಲಗಡೆಗೆ ತೋರಿಸಿದ. ಮರವನ್ನು ಎಂದೋ ಕಡಿದು ತೆಗೆದಿದ್ದಾರೆ, ಆ ಕಡೆ ಬರೀ ನೀರು. ಆದರೂ ದೋಣಿಯ ಮೂತಿ ಆ ಕೈಯ ಕಡೆಗೆ ಒಂದು ಗೇಣು ತಿರುಗಿತು, ಯಾಸ್ನಾ. ಎಲ್ಲ ಗೊತ್ತಿದ್ದ ಮಾರ್ಸಿಯಾಲನ ಕೈಯೂ ತಿರುಗಿತು. ಅವನು ಹಲ್ಲು ಕಚ್ಚಿ ಮತ್ತೆ ಎಡಕ್ಕೆ ಎಳೆದುಕೊಂಡ.

ಆಮೇಲೆ ನಿಮ್ಮಪ್ಪ ಕೈ ಇಳಿಸಿ, ಟೋಪಿ ತೆಗೆದು ನನ್ನ ಕಡೆ ಬೀಸಿದ. ನಗುತ್ತಿದ್ದ. ನಾನು ಒಂದು ಸಲ ಕೈಯೆತ್ತಿದ್ದರೆ ಅವನಿಗೆ ಎಲ್ಲ ಸಿಕ್ಕಂತಾಗುತ್ತಿತ್ತು. ನಾನು ಹುಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, ತಲೆ ತಗ್ಗಿಸಿ, ಏನೂ ಕಾಣದವಳ ಹಾಗೆ ಕೂತಿದ್ದೆ. ನಾವು ತಿರುವಿನಲ್ಲಿ ಮರೆಯಾಗುವವರೆಗೂ ಅವನು ಟೋಪಿ ಬೀಸುತ್ತಲೇ ಇದ್ದನಂತೆ, ಮಾರ್ಸಿಯಾಲ್ ಹೇಳಿದ.